26 ಅಂಕಿಯ ಸಂಖ್ಯೆಯನ್ನು ಪೆನ್ನು, ಕಾಗದದಲ್ಲೇ ತಾಳೆ ನೋಡುವುದು ಹೇಗೆ?

ಮೊದಲು ಈ ಸಂಖ್ಯೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಫೋನಿನಲ್ಲಿ ಬೇಡ, ಹಾಳೆಯ ಮೇಲೇ ಬರೆಯಿರಿ. ಚೌಕಳಿ ಇರುವ ಲೆಕ್ಕದ ಪುಸ್ತಕ ಇದ್ದರೆ ಇನ್ನೂ ಒಳ್ಳೆಯದು, ಒಂದು ಚೌಕಕ್ಕೆ ಒಂದೇ ಅಂಕಿ.

18,947,668,177,995,426,462,773,730

ಎಣಿಸಿ ನೋಡಿ, 26 ಅಂಕಿ ಇವೆ. ಇದು ಸುಮ್ನೆ ಬಾಯಿಗೆ ಬಂದ ಸಂಖ್ಯೆಯಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ನಮ್ಮ ಬೆಂಗಳೂರಿನ ಶಕುಂತಲಾ ದೇವಿ ಬಾಯಿಲೆಕ್ಕದಲ್ಲಿ ಹೇಳಿದ ಉತ್ತರ ಇದು. ಅಲ್ಲಿನ ಕಂಪ್ಯೂಟರ್ ವಿಭಾಗದವರು ಎರಡು ಸಂಖ್ಯೆ ಆರಿಸಿ ಕೊಟ್ಟಿದ್ದರು, ಎರಡರಲ್ಲೂ 13 ಅಂಕಿ:

7,686,369,774,870
2,465,099,745,779

ಇವೆರಡನ್ನೂ ಗುಣಿಸಿ ಉತ್ತರ ಹೇಳಲು ಅವರಿಗೆ ಹಿಡಿದದ್ದು 28 ಸೆಕೆಂಡ್. ನನಗೆ ಇವನ್ನು ನೋಡಿಕೊಂಡು ಬರೆಯುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು.

ಈ ಉತ್ತರ ಸರಿ ಇದೆಯಾ ಅಂತ ನಾವೇ ನೋಡಬೇಕು ಅಂದರೆ? ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದೆ. ಅದು 1.8947 ಅಂತ ಶುರು ಮಾಡಿ, ಕೊನೆಗೆ ಒಂದು ‘ಇ’ ಅಕ್ಷರ ಮತ್ತು 25 ತೋರಿಸಿ ಕೈತೊಳೆದುಕೊಂಡಿತು. ಆಮೇಲೆ ಸ್ಪ್ರೆಡ್‌ಶೀಟ್‌ನಲ್ಲಿ ಹಾಕಿದೆ. ಅಲ್ಲಿ ಇನ್ನೊಂದು ತಮಾಷೆ. 15 ಅಂಕಿಯವರೆಗೆ ಸರಿಯಾಗಿ ಇಟ್ಟುಕೊಂಡು, ಉಳಿದ 11 ಜಾಗಕ್ಕೂ ಸೊನ್ನೆ ತುಂಬಿ, ಏನೂ ಆಗೇ ಇಲ್ಲ ಅನ್ನುವ ಹಾಗೆ 18,947,668,177,995,400,000,000,000 ಅಂತ ತೋರಿಸಿತು. ಒಂದು ಎಚ್ಚರಿಕೆಯ ಮಾತೂ ಇಲ್ಲ! ಬ್ಯಾಂಕ್ ಖಾತೆ ಸಂಖ್ಯೆಯೋ ಇನ್ನೇನೋ ಉದ್ದದ ನಂಬರನ್ನು ಸ್ಪ್ರೆಡ್‌ಶೀಟ್‌ಗೆ ಹಾಕುವಾಗಲೂ ಇದು ನೆನಪಿರಲಿ, ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಅಂತ ಬದಲಾಯಿಸಿಕೊಳ್ಳಿ.

ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಗೊತ್ತಿದ್ದವರು ಒಂದು ಸಾಲಿನಲ್ಲಿ ಇಡೀ ಗುಣಾಕಾರ ಮುಗಿಸಬಹುದು, ಅದು ಎಷ್ಟು ಅಂಕಿಯಾದರೂ ಬಿಡುವುದಿಲ್ಲ. ಆದರೆ ಪೆನ್ನಿನಲ್ಲಿ ಮಾಡುವ ಮಜವೇ ಬೇರೆ. ಅದೂ ಅಲ್ಲದೆ ಇಡೀ ಗುಣಾಕಾರ ಮಾಡುವ ಅಗತ್ಯವೇ ಇಲ್ಲ. ದೊಡ್ಡ ಸಂಖ್ಯೆಗೆ ಚಿಕ್ಕ ಚಿಕ್ಕ ಪ್ರಶ್ನೆ ಕೇಳಬೇಕು, ಅಷ್ಟೇ.

ಮೊದಲ ಪ್ರಶ್ನೆ: ತಲೆ, ಬಾಲ ಸರಿ ಇದೆಯಾ? ತಲೆಗೆ 7.686 ಮತ್ತು 2.465 ತಗೊಂಡು ಗುಣಿಸಿ, 18.946 ಬರುತ್ತದೆ. ಉತ್ತರ 18.947 ಅಂತ ಶುರುವಾಗುತ್ತದೆ. ಸರಿಯೇ, ಬಿಟ್ಟ ಅಂಕಿಗಳಿಂದ ಅಷ್ಟು ವ್ಯತ್ಯಾಸ ಬರಬೇಕಾದ್ದೇ. ಬಾಲಕ್ಕೆ ಕೊನೆಯ ಮೂರು ಮೂರು ಅಂಕಿ: 870 × 779 = 6,77,730. ಕೊನೆಯಲ್ಲಿ 730. ನಮ್ಮ ಉತ್ತರದ ಕೊನೆಯಲ್ಲೂ 730. ಅಂಕಿಗಳ ಲೆಕ್ಕವೂ ಸರಿಯಾಗಿದೆ: 13 ಅಂಕಿಯ ಎರಡು ಸಂಖ್ಯೆ ಗುಣಿಸಿದರೆ ಬರುವುದು 25 ಅಥವಾ 26 ಅಂಕಿ, ಇಲ್ಲಿ ಮೊದಲಿನ 7 ಮತ್ತು 2 ಗುಣಿಸಿದರೇ ಹತ್ತು ದಾಟುತ್ತದೆ, ಹಾಗಾಗಿ 26.

ಹೊಟ್ಟೆಯೊಳಗೆ ಏನಿದೆ ಅಂತ ನೋಡುವುದು ಈಗ.

ಹಳೆಯ ಮೇಷ್ಟ್ರುಗಳು ಹೇಳಿಕೊಡುತ್ತಿದ್ದ ಒಂಬತ್ತರ ತಾಳೆ ನೆನಪಿದೆಯಾ? ಅಂಕಿಗಳನ್ನೆಲ್ಲ ಕೂಡಿ, ಬಂದದ್ದರ ಅಂಕಿಗಳನ್ನು ಮತ್ತೆ ಕೂಡಿ, ಒಂದೇ ಅಂಕಿ ಉಳಿಯುವವರೆಗೆ ಕೂಡುತ್ತಾ ಹೋಗುವುದು. ಇದು ಯಾಕೆ ನಡೆಯುತ್ತದೆ ಅಂತ ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಹೀಗೆ ನೋಡಿ. 100 ರೂಪಾಯಿಯ ಒಂದು ನೋಟನ್ನು ಒಂಬತ್ತು ಜನರಿಗೆ ಸಮನಾಗಿ ಹಂಚಿದರೆ ತಲೆಗೆ 11 ರೂಪಾಯಿ, ಕೈಯಲ್ಲಿ 1 ಉಳಿಯುತ್ತದೆ. ಹತ್ತರ ನೋಟು ಹಂಚಿದರೂ 1 ಉಳಿಯುತ್ತದೆ. ಸಾವಿರ ಹಂಚಿದರೂ ಅಷ್ಟೇ. ಅಂದಮೇಲೆ ಏಳು ನೂರರ ನೋಟು ಹಂಚಿದರೆ ನೋಟಿಗೆ ಒಂದರಂತೆ 7 ಉಳಿಯುತ್ತದೆ. ಅಂದರೆ ಅಂಕಿ ಯಾವ ಸ್ಥಾನದಲ್ಲಿದ್ದರೂ, ಒಂಬತ್ತರಿಂದ ಭಾಗಿಸಿದಾಗ ಅದು ಬಿಟ್ಟುಹೋಗುವ ಶೇಷ ಆ ಅಂಕಿಯೇ. ಅದಕ್ಕೇ ಸುಮ್ನೆ ಕೂಡಿದರೆ ಸಾಕು.

ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78. 7 + 8 = 15, 1 + 5 = 6.
ಎರಡನೆಯದರ ಮೊತ್ತ 74. 7 + 4 = 11, 1 + 1 = 2.
6 × 2 = 12, 1 + 2 = 3.
ಉತ್ತರದ ಮೊತ್ತ 138. 1 + 3 + 8 = 12, 1 + 2 = 3.

ತಾಳೆ ಆಯಿತು. ಆದರೆ ಇಷ್ಟಕ್ಕೇ ಖುಷಿಪಡಬೇಡಿ, ನಾನು ಪಟ್ಟು ಕೆಟ್ಟೆ. ಮೊದಲ ಸಲ ಈ ಲೆಕ್ಕ ಮಾಡಿದಾಗ 3 ಬಂತು, ಸರಿಯಾಗಿದೆ ಅಂತ ಪುಸ್ತಕವನ್ನು ಅಕ್ಕನ ಮಗಳಿಗೆ ತೋರಿಸಿದೆ. ಅವಳು ಎರಡು ನಿಮಿಷ ನೋಡಿ, “ಮಾಮ, ಇಲ್ಲಿ 462 ಹೋಗಿ 642 ಆಗಿದೆಯಲ್ಲ” ಅಂದಳು. ಹೌದು, ಆಗಿತ್ತು. ಅಂಕಿಗಳು ಅವೇ, ಜಾಗ ಮಾತ್ರ ಅದಲುಬದಲು. ಮೊತ್ತ ಹೇಗೆ ಬದಲಾಗಬೇಕು ಹೇಳಿ? ಕೈಯಲ್ಲಿ ಬರೆಯುವಾಗ ಆಗಾಗ ಆಗುವ ತಪ್ಪು ಅಂದರೆ ಪಕ್ಕಪಕ್ಕದ ಅಂಕಿ ಅದಲುಬದಲಾಗುವುದು, ಒಂಬತ್ತರ ತಾಳೆಗೆ ಕಾಣದಿರುವುದೂ ಅದೇ. ಅದೂ ಅಲ್ಲದೆ ಸುಮ್ನೆ ಯಾವುದೋ ತಪ್ಪು ಉತ್ತರ ಕೊಟ್ಟರೂ ಒಂಬತ್ತರಲ್ಲಿ ಒಂದು ಸಲ ಅದು ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ.

ಇದಕ್ಕೆ ಮದ್ದು ಹನ್ನೊಂದರ ತಾಳೆ. 10 ಅಂದರೆ 11ಕ್ಕೆ ಒಂದು ಕಡಿಮೆ. 100 ಅಂದರೆ 99ಕ್ಕೆ ಒಂದು ಜಾಸ್ತಿ. 1000 ಅಂದರೆ 1001ಕ್ಕೆ ಒಂದು ಕಡಿಮೆ. 99 ಮತ್ತು 1001 ಎರಡೂ ಹನ್ನೊಂದರ ಮಗ್ಗಿಯವೇ. ಹೀಗೆ ಒಂದು ಜಾಸ್ತಿ, ಒಂದು ಕಡಿಮೆ ಅಂತ ಸ್ಥಾನಗಳು ಸರದಿಯಲ್ಲಿ ನಡೆಯುತ್ತವೆ. ಹಾಗಾಗಿ ಬಲಗಡೆಯಿಂದ ಶುರು ಮಾಡಿ ಒಂದು ಬಿಟ್ಟು ಒಂದು ಅಂಕಿಯನ್ನು ಒಂದು ಗುಂಪಿಗೆ, ಉಳಿದವನ್ನು ಇನ್ನೊಂದು ಗುಂಪಿಗೆ ಹಾಕಿ ಕೂಡಿ, ಮೊದಲ ಗುಂಪಿನಿಂದ ಎರಡನೆಯದನ್ನು ಕಳೆಯಿರಿ. ಬಲಗಡೆಯಿಂದಲೇ ಶುರು ಮಾಡಬೇಕು, ಎಡದಿಂದ ಮಾಡಿದರೆ ಕೆಲವು ಸಲ ಚಿಹ್ನೆ ಉಲ್ಟಾ ಆಗುತ್ತದೆ.

ಮೊದಲ ಸಂಖ್ಯೆ: 42 − 36 = 6.
ಎರಡನೆಯದು: 37 − 37 = 0.
ಉತ್ತರ: 69 − 69 = 0.

ಈ ಸೊನ್ನೆ ಬಂದಾಗ ನಾನು ಕುರ್ಚಿಯಲ್ಲಿ ಸ್ವಲ್ಪ ನೇರವಾಗಿ ಕೂತೆ. ಎರಡನೆಯ ಸಂಖ್ಯೆ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಅಂತ ಅದನ್ನು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದಾ? ಅದು ಭಾಗವಾದರೆ ಗುಣಲಬ್ಧವೂ ಆಗಲೇಬೇಕು. 26 ಅಂಕಿಗಳನ್ನು ಎರಡು ಪಾಲು ಮಾಡಿದರೆ ಎರಡೂ ಕಡೆ ಸರಿಯಾಗಿ 69! ನನ್ನ ತಪ್ಪು ಬರಹದಲ್ಲಿ, ಅಂದರೆ 642 ಇದ್ದದ್ದರಲ್ಲಿ, ಇದೇ ಲೆಕ್ಕ ಮಾಡಿದರೆ 71 − 67 = 4 ಬರುತ್ತದೆ. ಕಳ್ಳ ಅಲ್ಲೇ ಸಿಕ್ಕಿಬಿದ್ದ. ಪುಸ್ತಕಗಳ ಹಳೆಯ ಹತ್ತಂಕಿಯ ಐಎಸ್‌ಬಿಎನ್ ಸಂಖ್ಯೆಯಲ್ಲಿ ಕೊನೆಯ ಅಂಕಿಯನ್ನು ಹನ್ನೊಂದರ ಲೆಕ್ಕದಲ್ಲೇ ಕೊಡುತ್ತಿದ್ದರು, ಅಲ್ಲಿಯೂ ಅಕ್ಕಪಕ್ಕದ ಅಂಕಿ ಅದಲುಬದಲಾದರೆ ಗೊತ್ತಾಗುತ್ತದೆ.

ಇನ್ನು ನನಗೆ ತುಂಬಾ ಇಷ್ಟವಾದದ್ದು 1001ರ ತಾಳೆ. ಯಾವುದಾದರೂ ಮೂರು ಅಂಕಿಯನ್ನು ಎರಡು ಸಲ ಬರೆಯಿರಿ, 358358 ಅಂತಿಟ್ಟುಕೊಳ್ಳಿ. ಅದನ್ನು 7ರಿಂದ ಭಾಗಿಸಿ, ಬಂದದ್ದನ್ನು 11ರಿಂದ, ಆಮೇಲೆ 13ರಿಂದ. ಶೇಷವೇ ಇಲ್ಲದೆ ಮತ್ತೆ 358ಕ್ಕೇ ಬರುತ್ತೀರಿ. ಯಾಕಂದರೆ 7 × 11 × 13 = 1001, ಮತ್ತು 358358 ಅಂದರೆ 358 × 1001. ಮಕ್ಕಳಿಗೆ ಮಾಡಿ ತೋರಿಸಿ, ಬಾಯಿ ಬಿಟ್ಟುಕೊಂಡು ನೋಡುತ್ತಾರೆ.

ನಮ್ಮ ಕೆಲಸಕ್ಕೆ ಬೇಕಾದ್ದು ಇಷ್ಟು: 1000 ಅನ್ನುವುದು 1001ಕ್ಕೆ ಒಂದು ಕಡಿಮೆ. ಹಾಗಾಗಿ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯ ತುಂಡು ಮಾಡಿ, ಒಂದು ತುಂಡನ್ನು ಕೂಡಿ, ಮುಂದಿನದನ್ನು ಕಳೆದು, ಹೀಗೇ ಎಡಕ್ಕೆ ಹೋಗಿ. ಇಲ್ಲಿ ಒಂದು ಎಚ್ಚರ. ನಾವು ಲಕ್ಷ, ಕೋಟಿ ಅಂತ ಅಲ್ಪವಿರಾಮ ಹಾಕುವವರು. ಹಾಗೆ ಬರೆದರೆ ಈ ಸಂಖ್ಯೆ 1,89,47,66,81,77,99,54,26,46,27,73,730 ಆಗುತ್ತದೆ, ಎರಡೆರಡು ಅಂಕಿಯ ತುಂಡು. ಅದರ ಮೇಲೆ 1001ರ ತಾಳೆ ಮಾಡಲು ಹೋದರೆ ಎಲ್ಲಾ ಗೋಜಲು. ಈ ಒಂದು ಕೆಲಸಕ್ಕೆ ಮಾತ್ರ ಮಿಲಿಯನ್, ಬಿಲಿಯನ್‌ನವರ ಹಾಗೆ ಮೂರಕ್ಕೊಂದು ಅಲ್ಪವಿರಾಮ ಹಾಕಿಕೊಳ್ಳಿ. ನಾನು ಮೇಲೆ ಹಾಗೆ ಬರೆದದ್ದು ಅದಕ್ಕೇ.

ಮೊದಲ ಸಂಖ್ಯೆ: 870 − 774 + 369 − 686 + 7 = −214
ಎರಡನೆಯದು: 779 − 745 + 99 − 465 + 2 = −330
ಉತ್ತರ: 730 − 773 + 462 − 426 + 995 − 177 + 668 − 947 + 18 = 550

ಈಗ −214 ಮತ್ತು −330 ಗುಣಿಸಿ. ಋಣ ಋಣ ಸೇರಿ ಧನ, 70,620. ಇದನ್ನೂ ಮೂರು ಅಂಕಿಯ ತುಂಡು ಮಾಡಿ: 620 − 70 = 550. ಅಲ್ಲೂ 550, ಇಲ್ಲೂ 550. 099 ಅನ್ನುವ ತುಂಡಿನ ಸೊನ್ನೆಯನ್ನು ಕೈಬಿಟ್ಟು ಪಕ್ಕದ ಅಂಕಿ ಎಳೆದುಕೊಂಡರೆ ಮಾತ್ರ ಲೆಕ್ಕ ಹಳಿ ತಪ್ಪುತ್ತದೆ, ಅದೊಂದು ನೋಡಿಕೊಳ್ಳಿ.

ಇದೇ ತುಂಡುಗಳನ್ನು ಕೂಡುತ್ತಾ, ಕಳೆಯುತ್ತಾ ಹೋಗುವ ಬದಲು ಸುಮ್ನೆ ಎಲ್ಲವನ್ನೂ ಕೂಡಿದರೆ ಅದು 999ರ ತಾಳೆ. ಮೊದಲನೆಯದಕ್ಕೆ 2,706 ಬರುತ್ತದೆ, ಅಂದರೆ 2 + 706 = 708. ಎರಡನೆಯದಕ್ಕೆ 2,090, ಅಂದರೆ 92. ಉತ್ತರಕ್ಕೆ 5,196, ಅಂದರೆ 201. 708 × 92 = 65,136, ಮತ್ತು 65 + 136 = 201. ಇದೂ ಕೂತಿತು. ಯಾವುದೋ ತಪ್ಪು ಸಂಖ್ಯೆ 999 ಮತ್ತು 1001 ಎರಡೂ ಬಾಗಿಲು ದಾಟಿ ಬರುವ ಸಾಧ್ಯತೆ ಸುಮಾರು 10 ಲಕ್ಷಕ್ಕೆ ಒಂದು. ತಲೆ, ಬಾಲ ಬೇರೆ ಮೊದಲೇ ತಾಳೆಯಾಗಿವೆ. ನನಗಂತೂ ಅಷ್ಟು ಸಾಕು. ಎಲ್ಲ ಸೇರಿ ನನಗೆ ಹಿಡಿದದ್ದು ಹತ್ತು ನಿಮಿಷದ ಮೇಲೆ, ಅದೂ ತಾಳೆ ನೋಡುವುದಕ್ಕಷ್ಟೇ.

ಉತ್ತರ ಸರಿ ಅಂತ ಆಯಿತಲ್ಲ, ಇನ್ನು ಈ ಸಂಖ್ಯೆಯ ಗುಣ ಸ್ವಭಾವ ನೋಡೋಣ. ಇದಕ್ಕೆ ಹೊಸದಾಗಿ ಏನೂ ಮಾಡಬೇಕಿಲ್ಲ, ಮೇಲಿನ ಶೇಷಗಳೇ ಎಲ್ಲ ಹೇಳುತ್ತವೆ. ಕೊನೆಯಲ್ಲಿ 0 ಇದೆ, ಹಾಗಾಗಿ 2 ಮತ್ತು 5ರಿಂದ ಭಾಗವಾಗುತ್ತದೆ. ಕೊನೆಯ ಎರಡು ಅಂಕಿ 30, ಅದು 4ರಿಂದ ಆಗುವುದಿಲ್ಲ, 25ರಿಂದಲೂ ಆಗುವುದಿಲ್ಲ. ಮೊತ್ತ 138, ಅದು 3ರಿಂದ ಆಗುತ್ತದೆ, 9ರಿಂದ ಇಲ್ಲ. 11ರಿಂದ ಆಗುತ್ತದೆ, ಈಗಷ್ಟೇ ನೋಡಿದೆವು. 550 ಅನ್ನು 7ರಿಂದ ಭಾಗಿಸಿದರೆ 4 ಉಳಿಯುತ್ತದೆ, 13ರಿಂದ ಭಾಗಿಸಿದರೂ 4, ಹಾಗಾಗಿ ಅವೆರಡೂ ಇಲ್ಲ. ಅಂದರೆ 2 × 3 × 5 × 11 = 330 ಇದರೊಳಗೆ ಕೂತಿದೆ. ಬಿಡಿಸಿ ಬರೆದರೆ,

330 × 256,212,325,829 × 224,099,976,889

2, 3, 5 ಬಂದದ್ದು ಮೊದಲ ಸಂಖ್ಯೆಯಿಂದ, 11 ಎರಡನೆಯದರಿಂದ. ಇನ್ನೂ ಒಡೆಯಬೇಕು ಅನ್ನುವವರಿಗೆ ಒಂದು ಮಾತು: 26 ಅಂಕಿಯ ಸಂಖ್ಯೆಯನ್ನು ಹಿಡಿದುಕೊಂಡು ಒದ್ದಾಡಬೇಡಿ, ಈ 12 ಅಂಕಿಯ ಎರಡನ್ನು ಬೇರೆ ಬೇರೆ ಒಡೆಯಿರಿ. ಅವಿಭಾಜ್ಯ ಸಂಖ್ಯೆ ಗುಣಲಬ್ಧವನ್ನು ಭಾಗಿಸಬೇಕಾದರೆ ಎರಡರಲ್ಲಿ ಒಂದನ್ನಾದರೂ ಭಾಗಿಸಲೇಬೇಕು. ಭಾಗಾಕಾರ ಮಾಡುವಾಗ ಭಾಗಲಬ್ಧ ಬರೆಯುವ ಗೋಜಿಗೂ ಹೋಗಬೇಡಿ, ಶೇಷವನ್ನು ಮಾತ್ರ ಮುಂದಕ್ಕೆ ಒಯ್ಯಿರಿ. 17ಕ್ಕೆ ನೋಡಿದರೆ ಮೊದಲನೆಯದರಲ್ಲಿ 1 ಉಳಿಯುತ್ತದೆ, ಎರಡನೆಯದರಲ್ಲಿ 12. ಹೀಗೇ 19, 23, 29 ಅಂತ ಒಂದೊಂದಾಗಿ 47ರವರೆಗೆ ಹೋದೆ, ಒಂದೂ ಕೂರಲಿಲ್ಲ. ಅಲ್ಲಿಗೆ ಪೆನ್ನು ಕೆಳಗಿಟ್ಟೆ. ಪೂರ್ತಿ ನೋಡಬೇಕು ಅಂದರೆ ವರ್ಗಮೂಲದವರೆಗೆ, ಅಂದರೆ ಹತ್ತಿರಹತ್ತಿರ 5 ಲಕ್ಷದವರೆಗೆ ಹೋಗಬೇಕು, ಅಷ್ಟರೊಳಗೆ 41,538 ಅವಿಭಾಜ್ಯ ಸಂಖ್ಯೆಗಳಿವೆ. ಅದು ಕಂಪ್ಯೂಟರಿನ ಕೆಲಸ.

ಇನ್ನೊಂದೆರಡು ಸ್ವಭಾವ ಪುಕ್ಕಟೆಯಾಗಿ ಸಿಗುತ್ತವೆ. ಇದು ವರ್ಗ ಸಂಖ್ಯೆ ಆಗಲಾರದು, ಕೊನೆಯಲ್ಲಿ ಒಂದೇ ಸೊನ್ನೆ ಇದೆಯಲ್ಲ, ವರ್ಗ ಸಂಖ್ಯೆಗೆ ಸೊನ್ನೆಗಳು ಜೋಡಿಯಾಗಿಯೇ ಬರಬೇಕು. ಎರಡು ವರ್ಗಗಳನ್ನು ಕೂಡಿದರೆ ಇದು ಬರುತ್ತದಾ? ಅದೂ ಇಲ್ಲ. ಯಾವ ವರ್ಗವನ್ನು 3ರಿಂದ ಭಾಗಿಸಿದರೂ 0 ಅಥವಾ 1 ಉಳಿಯುತ್ತದೆ, 2 ಉಳಿಯುವುದೇ ಇಲ್ಲ. ಹಾಗಾಗಿ ಎರಡು ವರ್ಗಗಳ ಮೊತ್ತ 3ರಿಂದ ಭಾಗವಾಗಬೇಕಾದರೆ ಎರಡೂ ಬೇರೆ ಬೇರೆಯಾಗಿ 3ರಿಂದ ಭಾಗವಾಗಬೇಕು, ಆಗ ಮೊತ್ತ 9ರಿಂದಲೂ ಭಾಗವಾಗಿಬಿಡುತ್ತದೆ. ನಮ್ಮದು 3ಕ್ಕೆ ಒಪ್ಪಿ 9ಕ್ಕೆ ಒಪ್ಪದ ಸಂಖ್ಯೆ. ಒಂದು ವರ್ಗದಿಂದ ಇನ್ನೊಂದನ್ನು ಕಳೆದರೆ? ಇಲ್ಲ, ಇಲ್ಲಿ 4ರ ಶೇಷ ನೋಡಿ, ವರ್ಗಗಳಿಗೆ 0 ಅಥವಾ 1, ಕಳೆದರೆ 2 ಬರುವುದಿಲ್ಲ. ನಮ್ಮ ಸಂಖ್ಯೆಯ ಶೇಷ 2.

ಇದನ್ನು ಓದುವುದು ಹೇಗೆ ಅಂತ ಅಕ್ಕನ ಮಗಳು ಕೇಳಿದಳು. ಕೋಟಿ ಕೋಟಿ ಅಂತ ಹೇಳುತ್ತಾ ಹೋದರೆ ಸುಮಾರು 18,947 ಕೋಟಿ ಕೋಟಿ ಕೋಟಿ. ಆದರೆ ನಮ್ಮ ಕಡೆಯೇ ಇದಕ್ಕಿಂತ ಚೆಂದದ ಹೆಸರುಗಳಿದ್ದವು. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ, 850ರ ಆಸುಪಾಸಿನಲ್ಲಿ, ಗಣಿತಸಾರಸಂಗ್ರಹದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಏಕ, ದಶ, ಶತದಿಂದ ಶುರುವಾಗಿ ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿ ಎಲ್ಲ ದಾಟಿ ಕೊನೆಯದು ಮಹಾಕ್ಷೋಭ, ಅಂದರೆ 1ರ ಮುಂದೆ 23 ಸೊನ್ನೆ. ನಮ್ಮ ಸಂಖ್ಯೆ ಅದನ್ನೂ ಎರಡು ಸ್ಥಾನ ಮೀರಿದೆ! ಅವರ ಲೆಕ್ಕದಲ್ಲಿ ಇದು 189 ಮಹಾಕ್ಷೋಭ, ಮೇಲೆ ಒಂದಿಷ್ಟು ಚಿಲ್ಲರೆ. ಚಿಲ್ಲರೆಯೇ 24 ಅಂಕಿಗೆ ಒಂದು ಕಡಿಮೆ.

ಶಕುಂತಲಾ ದೇವಿಯವರದೇ ಇನ್ನೊಂದು ಲೆಕ್ಕದಿಂದ ಕೊನೆ ಅಂಕಿಯ ಆಟ ಕಲಿಯಬಹುದು. 1977ರಲ್ಲಿ ಅಮೆರಿಕದ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿಯಲ್ಲಿ ಅವರು 201 ಅಂಕಿಯ ಸಂಖ್ಯೆಯೊಂದರ 23ನೆಯ ಮೂಲ ಹೇಳಿದರು, 50 ಸೆಕೆಂಡಿನಲ್ಲಿ. ಅಂದರೆ ಯಾವ ಸಂಖ್ಯೆಯನ್ನು 23 ಸಲ ಇಟ್ಟು ಗುಣಿಸಿದರೆ ಆ 201 ಅಂಕಿಯ ಸಂಖ್ಯೆ ಬರುತ್ತದೋ ಅದು. ಉತ್ತರ 546,372,891. ಅವರು ಹೇಗೆ ಮಾಡಿದರೋ ಅದು ಅವರ ತಲೆಗೇ ಸೇರಿದ್ದು, ನಮ್ಮಂಥವರಿಗೆ ಕೊನೆಯ ಅಂಕಿಯಾದರೂ ಸಿಗುತ್ತದೆ. 7 ಅನ್ನು ಮತ್ತೆ ಮತ್ತೆ 7ರಿಂದ ಗುಣಿಸಿ ಕೊನೆಯ ಅಂಕಿ ಮಾತ್ರ ನೋಡುತ್ತಾ ಹೋಗಿ: 7, 9, 3, 1, ಮತ್ತೆ 7. ನಾಲ್ಕಕ್ಕೊಮ್ಮೆ ಸುತ್ತು. ಬೇರೆ ಅಂಕಿಗಳೂ ನಾಲ್ಕು ಹೆಜ್ಜೆಗೆ ಶುರುವಾದಲ್ಲಿಗೇ ಬರುತ್ತವೆ. 23 ಅಂದರೆ ಐದು ಸುತ್ತು ಮುಗಿಸಿ ಮೂರು ಹೆಜ್ಜೆ, ಹಾಗಾಗಿ 23ನೆಯ ಘಾತದ ಕೊನೆಯ ಅಂಕಿ ಘನದ ಕೊನೆಯ ಅಂಕಿಯೇ. 0ಯಿಂದ 9ರವರೆಗಿನ ಘನಗಳ ಕೊನೆಯ ಅಂಕಿಗಳು ಒಂದರ ಹಾಗೆ ಒಂದಿಲ್ಲ: 0, 1, 8, 7, 4, 5, 6, 3, 2, 9. ಕೊಟ್ಟ ಸಂಖ್ಯೆ 3ರಲ್ಲಿ ಮುಗಿದರೆ ಮೂಲ 7ರಲ್ಲಿ ಮುಗಿಯಬೇಕು, 2ರಲ್ಲಿ ಮುಗಿದರೆ 8ರಲ್ಲಿ. ಅವರಿಗೆ ಕೊಟ್ಟದ್ದು 1ರಲ್ಲಿ ಮುಗಿಯುವ ಸಂಖ್ಯೆ, ಉತ್ತರವೂ 1ರಲ್ಲೇ ಮುಗಿದಿದೆ.

ನೀವೇ ಮಾಡಿ ನೋಡಲು ಒಂದು ಕೊಡುತ್ತೇನೆ. ಚದುರಂಗದ ಮಣೆಯ ಮೊದಲ ಚೌಕಕ್ಕೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಅಂತ ಇಡುತ್ತಾ ಹೋದರೆ 64 ಚೌಕಕ್ಕೆ ಸೇರಿ ಎಷ್ಟು ಕಾಳು ಅನ್ನುವ ಕಥೆ ಗೊತ್ತಲ್ಲ, ಅದು ಇಷ್ಟು:

18,446,744,073,709,551,615

ಅಂಕಿಗಳ ಮೊತ್ತ 87 ಬರಬೇಕು, ಅಂದರೆ 3 ಒಪ್ಪುತ್ತದೆ, 9 ಒಪ್ಪುವುದಿಲ್ಲ. 1001ರ ತಾಳೆಯಲ್ಲಿ ತುಂಡುಗಳನ್ನು ಕೂಡಿ, ಕಳೆದು ಮುಗಿಸಿದಾಗ 1,016 ಬರುತ್ತದೆ, ಅದರಿಂದ 1001 ತೆಗೆದರೆ 15. ಹಾಗಾಗಿ 7, 11, 13 ಮೂರೂ ಇಲ್ಲ. 17ರಿಂದ ಭಾಗಿಸಿ ನೋಡಿ, ಶೇಷ ಸೊನ್ನೆ ಬರಬೇಕು. ಬರಲಿಲ್ಲ ಅಂದರೆ 073ರ ಸೊನ್ನೆ ಎಲ್ಲೋ ಬಿಟ್ಟಿದ್ದೀರಿ.